ಹ್ಯಾಂಡ್‌ಬ್ರೇಕ್ ಎಳೆದು ಕೈಗೊಂಡ ಸ್ಥಳ ತನಿಖೆ

ಮಳವಳ್ಳಿಯ ಬಿದ್ದಗೋಡೆ ಪರಿಶೀಲನಾ ಕೋಶವು ಬಿದ್ದ ಗೋಡೆಗಳನ್ನು ಮಾತ್ರ ಪರಿಶೀಲಿಸುತ್ತದೆ. ನಿಂತ ಗೋಡೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ; ಅರ್ಧ ವಾಲಿದ ಗೋಡೆಗಳ ಬಗ್ಗೆ ಮೇಲಿನವರಿಂದ ಸ್ಪಷ್ಟೀಕರಣ ಕೋರಲಾಗಿದೆ. ಕೋಶದ ನಿಯಮ ಬಹಳ ಸರಳ. ಮಳೆಗೆ ಗೋಡೆ ಬಿದ್ದರೆ ಅಧಿಕಾರಿಗಳು ಕಣ್ಣಾರೆ ನೋಡತಕ್ಕದ್ದು. ನೋಡಿದ ಮೇಲೆ ಕೋಶವೇ ಹೊಸ ಗೋಡೆ ಕಟ್ಟಿಸಿಕೊಡತಕ್ಕದ್ದು. ಅಲ್ಲಿಯವರೆಗೆ ಅರ್ಜಿದಾರರು ಬಿದ್ದ ಗೋಡೆಯನ್ನು ಬಿದ್ದಂತೆಯೇ ಜೋಪಾನ ಮಾಡತಕ್ಕದ್ದು. ಒಂದು ಮಣ್ಣಿನ ಹೆಂಟೆಯನ್ನು ಆಚೀಚೆ ಸರಿಸಿದರೂ ಗೋಡೆ ಬಿದ್ದೇ ಇಲ್ಲವೆಂದು ಭಾವಿಸಲಾಗುವುದು.

ಈ ನಿಯಮವನ್ನು ಪೂರಿಗಾಲಿಯ ದೇವಿರಮ್ಮನಷ್ಟು ನಿಷ್ಠೆಯಿಂದ ಪಾಲಿಸಿದವರು ತಾಲ್ಲೂಕಿನಲ್ಲೇ ಇರಲಿಲ್ಲ. ಮನೆಯ ಹಿಂಗೋಡೆ ಕುಸಿದಂದಿನಿಂದ ಅವಳು ಆ ಮಣ್ಣುಗುಡ್ಡೆಗೆ ಟಾರ್ಪಾಲು ಹೊದಿಸಿ, ಕೋಳಿ ಕೆದಕದಂತೆ ಕೋಲು ಹಿಡಿದು ಕಾಯುತ್ತಿದ್ದಳು. ಮನೆಯೊಳಗೆ ಗಾಳಿ ಬೆಳಕು ಧಾರಾಳವಾಗಿತ್ತು. ತೊಂದರೆ ಒಂದೇ: ಮಗಳು ಶೋಭಿತಾಗೆ ದಿನ ತುಂಬುತ್ತಿತ್ತು. ಚೊಚ್ಚಲ ಬಾಣಂತನ ತೌರಿನಲ್ಲೇ ಆಗಬೇಕು, ಬಾಣಂತಿಗೆ ಥಂಡಿ ಗಾಳಿ ಸೋಕಬಾರದು. ಹಿಂಗೋಡೆಯಿಲ್ಲದ ಮನೆಗೆ ಮಗಳನ್ನು ಕರೆಸಿಕೊಂಡರೆ ಬೀಗರ ಮುಂದೆ ತಲೆ ಎತ್ತುವಂತಿರಲಿಲ್ಲ.

ಕೋಶದ ಕಾರಿನ ಚಾಲಕ ಶಿವರಾಮು ದೇವಿರಮ್ಮನ ಅಕ್ಕನ ಮಗ. "ನಮ್ಮುಡ್ಗ ಆಪೀಸ್ನಲ್ಲೇ ಅವ್ನೆ, ಸಾಯೇಬ್ರ ಕೂರುಸ್ಕಂಡ್ ಬತ್ತನೆ" ಎಂದು ಅವಳು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಶಿವರಾಮುವೂ ಹಾಗೆಯೇ ಮಾತು ಕೊಟ್ಟಿದ್ದ. ಶೋಭಿತಾ ಅವನು ಎತ್ತಿ ಆಡಿಸಿದ ತಂಗಿ. ಮಾತು ಕೊಟ್ಟ ಮೇಲೆ ಗೋಡೆಯ ಚಿಂತೆ ಅವನ ತಲೆಗೂ ಅಂಟಿಕೊಂಡಿತು.

ಕೋಶದ ವಿಶೇಷಾಧಿಕಾರಿ ಜಯಪ್ರಕಾಶ್ ಅವರ ಮುಂದೆ ಅವನು ವಿಷಯ ಅರಿಕೆ ಮಾಡಿದಾಗ, ಅವರು ಕನ್ನಡಕ ತೆಗೆದು ಒರೆಸಿದರು.

"ಪೂರಿಗಾಲಿ ಎಲ್ಲಿದೆ?"

"ನಮ್ಮೂರೇ ಸಾ. ನಾನೇ ಕರ್ಕಂಡೋಯ್ತೀನಿ."

"ನಿನಗೆ ಗೊತ್ತಿರುವುದು ನಿನ್ನ ಖಾಸಗಿ ವಿಷಯ. ಕಛೇರಿಗೆ ಗೊತ್ತಿಲ್ಲವಲ್ಲ? ನಿಂತ ಗೋಡೆಯನ್ನು ಯಾರು ಬೇಕಾದರೂ ಹುಡುಕಬಹುದು ಶಿವರಾಮು. ಬಿದ್ದ ಗೋಡೆಯನ್ನು ಹುಡುಕಲು ಉಪಗ್ರಹ ಬೇಕು."

ಹೀಗೆ ಕೋಶದ ಕಾರಿಗೆ ದಾರಿ ತೋರಿಸುವ ಮತ್ತು ಮನರಂಜನೆ ಒದಗಿಸುವ ಪರದೆಯೊಂದನ್ನು ಹಾಕಿಸುವುದೆಂದು ತೀರ್ಮಾನವಾಯಿತು. ದಾರಿ ಸರಿ, ಮನರಂಜನೆ ಏಕೆ ಎಂಬ ಪ್ರಶ್ನೆ ಬರದಂತೆ ಗುಮಾಸ್ತೆ ವನಜಾ ಮೊದಲೇ ಬರೆದಿಟ್ಟರು: ಬಿದ್ದ ಗೋಡೆಗಳನ್ನು ಸತತವಾಗಿ ನೋಡುವುದರಿಂದ ಅಧಿಕಾರಿಗಳ ಮನಸ್ಸೂ ಕುಸಿಯುವ ಸಂಭವವಿರುತ್ತದೆ.

ಮಂಡ್ಯದ ಕಾರ್ ಡೆಕೋರ್ ಅಂಗಡಿಯಲ್ಲಿ ಪ್ರಸನ್ನ ಎಂಬ ಫಿಟ್ಟರ್ ಡ್ಯಾಶ್‌ಬೋರ್ಡ್ ಬಿಚ್ಚಿ ಕೂತ. ಹಳೆಯ ಟೇಪ್‌ರೆಕಾರ್ಡರನ್ನು ಕಿತ್ತಾಗ ಅದರ ಹಿಂದಿನಿಂದ ಹಿಂದಿನ ಅಧಿಕಾರಿಗಳ ಕಾಲದ ಕಡಲೆಕಾಯಿ ಸಿಪ್ಪೆ ಉದುರಿತು. ಹೊಸ ಪರದೆ ಆ ಕಿಂಡಿಗಿಂತ ದೊಡ್ಡದಿತ್ತು. ಪ್ರಸನ್ನ ಅಂಚು ಕೊಯ್ದು, ಫ್ರೇಮ್ ಕೂರಿಸಿ, ಬಣ್ಣಬಣ್ಣದ ವೈರುಗಳನ್ನು ಒಂದಕ್ಕೊಂದು ಹೆಣೆದು ಟೇಪು ಸುತ್ತಿದ. ಉಪಗ್ರಹದ ಪುಟ್ಟ ಆಂಟೆನಾವನ್ನು ಗಾಜಿನ ಬಳಿ ಅಂಟಿಸಿದ. ಹಿಂದೆ ನಂಬರ್ ಪ್ಲೇಟಿನ ಮೇಲೊಂದು ಕ್ಯಾಮೆರಾ ಹಾಕಿದ. ರಿವರ್ಸ್ ಗೇರ್ ಹಾಕಿದರೆ ಕಾರಿನ ಹಿಂದಿರುವುದೆಲ್ಲ ಪರದೆಯ ಮೇಲೆ ಕಾಣುತ್ತಿತ್ತು. ಜಯಪ್ರಕಾಶ್ ಅವರು ಸ್ವತಃ ಪರದೆಗೆ ಕುಂಕುಮವಿಟ್ಟು, ಮಧ್ಯಾಹ್ನದ ಧಾರಾವಾಹಿ ಬರುತ್ತದೆಯೇ ಎಂದು ವಿಚಾರಿಸಿದರು.

"ಬತ್ತದೆ ಸಾರ್. ಆದ್ರೆ ಗಾಡಿ ಓಡುವಾಗ ಬರಲ್ಲ. ಹ್ಯಾಂಡ್‌ಬ್ರೇಕ್ ಎಳುದ್ರೆ ಮಾತ್ರ. ಡ್ರೈವರು ನೋಡ್ಕಂಡ್ ಗುದ್ದುಬುಟ್ಟಾನು ಅಂತ ಕಂಪ್ನಿಯೋರೇ ಅಂಗ್ ಮಾಡವ್ರೆ" ಎಂದ ಪ್ರಸನ್ನ. ಆಮೇಲೆ ದನಿ ತಗ್ಗಿಸಿ, "ಈ ಒಂದ್ ವೈರ್ನ ಗಾಡಿ ತಗಡ್ಗೆ ಮುಟ್ಟುಸ್ಬುಟ್ರೆ ಓಡುವಾಗ್ಲೂ ಬತ್ತದೆ. ಎಲ್ರೂ ಅಂಗೇ ಮಾಡುಸ್ಕಂತರೆ" ಎಂದ.

ಜಯಪ್ರಕಾಶ್ ಅವರ ಮುಖ ಗಂಟಾಯಿತು. "ಇದು ಸರ್ಕಾರಿ ವಾಹನ. ನಿಯಮ ಮೀರಿ ಒಂದು ವೈರನ್ನೂ ಮುಟ್ಟಕೂಡದು."

ಅವರು ಪ್ರಾಮಾಣಿಕರು. ಈ ವಿಷಯದಲ್ಲಿ ಯಾರೂ ಅವರ ಮೇಲೆ ಬೆರಳು ತೋರಿಸುವಂತಿಲ್ಲ.

ಅವರನ್ನು ಸಮಾಧಾನಪಡಿಸಲೆಂದು ಪ್ರಸನ್ನ ಡೆಮೊ ಎಂಬುದನ್ನು ಒತ್ತಿ ತೋರಿಸಿದ. ಕಾರು ಅಂಗಡಿಯ ಮುಂದೆ ನಿಂತೇ ಇತ್ತು. ಪರದೆಯ ಅರ್ಧ ಭಾಗದಲ್ಲಿ ಮಾತ್ರ ಬಾಣದ ಗುರುತೊಂದು ಮಂಡ್ಯ ಬಿಟ್ಟು ಮದ್ದೂರಿನ ಕಡೆ ಸರಸರನೆ ಹೊರಟಿತು. ಉಳಿದರ್ಧದಲ್ಲಿ ಧಾರಾವಾಹಿಯ ಅತ್ತೆ ಕಣ್ಣೀರು ಹಾಕುತ್ತಿದ್ದಳು. "ಎಡಕ್ಕೆ ತಿರುಗಿ" ಎಂದಿತು ಹೆಣ್ಣುದನಿ. ಯಾರೂ ತಿರುಗಲಿಲ್ಲ. ಆದರೂ ಬಾಣ ತಿರುಗಿತು.

"ಹೋಗದೆಯೇ ಹೋಗುತ್ತದೆಯೆ?" ಎಂದರು ಜಯಪ್ರಕಾಶ್.

"ಬರೀ ತೋರ್ಸಕ್ಕೆ ಸಾರ್, ಗಿರಾಕಿಗಳ್ಗೆ."

ವಾಪಸು ಬರುವಾಗ ಮದ್ದೂರು ಇನ್ನೂ ದೂರವಿರುವಾಗಲೇ ಧಾರಾವಾಹಿಯ ಹೊತ್ತಾಯಿತು. ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರೆ ಅತ್ತೆ ಬರುತ್ತಿದ್ದಳು, ಬಿಟ್ಟರೆ ಹೋಗುತ್ತಿದ್ದಳು. ಜಾಹೀರಾತು ಬಂದಾಗ ಹೊರಡುವುದು, ಮುಗಿದಾಗ ನಿಲ್ಲುವುದು ಎಂದು ಶಿವರಾಮು ಮಳವಳ್ಳಿಯವರೆಗೆ ಕಾರನ್ನು ಕುಂಟಿಸಿಕೊಂಡು ಬಂದ. ಕಛೇರಿಯ ಹೊಂಗೆ ಮರದ ಕೆಳಗೆ ಇಳಿಯುತ್ತಾ ಜಯಪ್ರಕಾಶ್ ಅವರು ಗಂಭೀರವಾಗಿ ಹೇಳಿದರು: "ಪ್ರಯಾಣವೂ ಮನರಂಜನೆಯೂ ಒಟ್ಟಿಗೆ ನಡೆಯಬೇಕಾದರೆ ಕಾರು ಚಲಿಸಬಾರದು. ಇದು ಕಂಪನಿಯ ತೀರ್ಮಾನ. ನಾವು ಗೌರವಿಸೋಣ."

ಮರುದಿನದಿಂದ ಸ್ಥಳ ತನಿಖೆಗಳು ಹೊಂಗೆ ಮರದ ಕೆಳಗೆ ಆರಂಭವಾದವು. ಬ್ಯಾಟರಿ ಇಳಿಯದಂತೆ ಕಛೇರಿಯ ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಾಕಲಾಯಿತು. ಜಯಪ್ರಕಾಶ್ ಅವರು ಮುಂದಿನ ಸೀಟಿನಲ್ಲಿ ಕುಳಿತು ಊರಿನ ಹೆಸರು ಹೇಳುವರು, ವನಜಾ ಕಾರಿನ ಪಕ್ಕ ಪುಸ್ತಕ ಹಿಡಿದು ನಿಲ್ಲುವರು, ಶಿವರಾಮು ಸ್ಟೇರಿಂಗ್ ಹಿಡಿದು ಹ್ಯಾಂಡ್‌ಬ್ರೇಕ್ ಎಳೆದು ಡೆಮೊ ಒತ್ತುವನು, ಬಾಣ ಹೊರಡುವುದು. ಬಂಡೂರು ಆಯಿತು, ಕೊಕ್ಕರೆ ಬೆಳ್ಳೂರು ಆಯಿತು. ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿಗೆ ಸೇರಿದ್ದು ಎಂದು ವನಜಾ ನೆನಪಿಸಿದಾಗ, "ಇಷ್ಟು ದೂರ ಬಂದಿದ್ದೇವೆ, ನೋಡಿಕೊಂಡು ಹೋಗೋಣ" ಎಂದರು. ಡೀಸೆಲ್ ಮುಟ್ಟದೆ ಇಷ್ಟೊಂದು ಹಳ್ಳಿ ಸುತ್ತಿದ ಕೋಶ ಜಿಲ್ಲೆಯಲ್ಲೇ ಇಲ್ಲವೆಂದು ಮೇಲಿನ ಕಛೇರಿಯಿಂದ ಪ್ರಶಂಸಾಪತ್ರ ಬಂತು.

ಪೂರಿಗಾಲಿಯ ಸರದಿ ಬಂದ ದಿನವೂ ಶಿವರಾಮು ಹ್ಯಾಂಡ್‌ಬ್ರೇಕ್ ಎಳೆದ. ಬಾಣ ತನ್ನೂರಿನ ತಿರುವಿನಲ್ಲಿ ನಾಜೂಕಾಗಿ ತಿರುಗಿ ನಿಂತಿತು. "ನೀವು ತಲುಪಬೇಕಾದ ಸ್ಥಳವನ್ನು ತಲುಪಿದ್ದೀರಿ" ಎಂದಿತು ಹೆಣ್ಣುದನಿ.

ಜಯಪ್ರಕಾಶ್ ಅವರು ಕಿಟಕಿಯಿಂದ ತಲೆ ಹೊರಹಾಕಿ ಎರಡು ಬಾರಿ ಕರೆದರು: "ದೇವಿರಮ್ಮ! ದೇವಿರಮ್ಮ!" ಹೊಂಗೆ ಮರದ ಮೇಲಿನ ಕಾಗೆ ಹಾರಿಹೋಯಿತು. "ಅರ್ಜಿದಾರರು ಸ್ಥಳದಲ್ಲಿ ಹಾಜರಿಲ್ಲ. ಬರೆದುಕೊಳ್ಳಿ ವನಜಾ."

"ಸಾ, ನಾವು ಓಗೇ ಇಲ್ವಲ್ಲ ಸಾ!"

"ಯಂತ್ರ ಏನೆಂದಿತು?"

"ತಲುಪಿದ್ದೀರಿ ಅಂತು."

"ಸರ್ಕಾರ ಖರೀದಿಸಿದ ಯಂತ್ರ ಸುಳ್ಳು ಹೇಳುತ್ತದೆಯೆ?"

ಶಿವರಾಮು ಯಂತ್ರವನ್ನು ಬೈಯಬೇಕೆಂದುಕೊಂಡ. ಆದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದು ಅವನದೇ ಕೈ. ಸಂಜೆ ಬಸ್ಸು ಹತ್ತಿ ಊರಿಗೆ ಹೋದ.

ದೇವಿರಮ್ಮ ಕೋಲು ಹಿಡಿದೇ ಎದುರು ಬಂದಳು. "ಏನ್ಲಾ, ಸಾಯೇಬ್ರು ಬಂದಿದ್ರಂತೆ, ನಾನಿರ್ನಿಲ್ವಂತೆ? ಪೋನ್ ಮಾಡಿ ಯೇಳವ್ರೆ. ಈ ಗೋಡೆ ಮುಂದ್ಲಿಂದ ಒಂದ್ ಗಳ್ಗೆ ಕದಲ್ನಿಲ್ಲ ಕಣ್ಲಾ ನಾನು!"

"ಕಾರಲ್ಲಿ ಬಂದಿದ್ರು ಚಿಕ್ಕವ್ವ. ಕಾರು ಬರ್ನಿಲ್ಲ."

"ಕಾರಲ್ಲಿ ಬಂದಿದ್ರು, ಕಾರು ಬರ್ನಿಲ್ಲ. ಕುಡ್ದಿದ್ದೀಯೇನ್ಲಾ?"

ಶಿವರಾಮು ಕುಡಿದಿರಲಿಲ್ಲ. ಕುಡಿದಿದ್ದರೆ ವಿವರಿಸುವುದು ಸುಲಭವಾಗುತ್ತಿತ್ತು. ಅವಳ ಹಿಂದೆ ಟಾರ್ಪಾಲಿನ ಮೇಲೆ ತುಂತುರು ಬೀಳುತ್ತಿತ್ತು, ಅಡುಗೆಮನೆಯೊಳಗೇ ನಿಂತು ನೋಡಿದರೆ ರಾಗಿ ಹೊಲ ಕಾಣುತ್ತಿತ್ತು.

ಇಂಥ ಗೈರುಹಾಜರಿಗಳು ಹೆಚ್ಚಿದ್ದರಿಂದ ಕೋಶವು ಪ್ರಕಟಣೆ ಹೊರಡಿಸಿತು: "ಸ್ಥಳ ತನಿಖೆಯ ವೇಳೆ ಅರ್ಜಿದಾರರು ತಮ್ಮ ಮನೆಯಲ್ಲಿ ಇರತಕ್ಕದ್ದು. ಮನೆಯಲ್ಲಿ ಇರಲು ಇಚ್ಛಿಸುವವರು ಬೆಳಿಗ್ಗೆಯೇ ಕಛೇರಿಗೆ ಬಂದು ವಾಹನದ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳತಕ್ಕದ್ದು. ಎರಡನೇ ಬಾರಿ ಗೈರಾದವರ ಅರ್ಜಿಯನ್ನು ಮುಕ್ತಾಯಗೊಳಿಸಲಾಗುವುದು."

ದೇವಿರಮ್ಮ ಒಗೆದ ಸೀರೆ ಉಟ್ಟು ಮೊದಲ ಬಸ್ಸಿಗೇ ಬಂದಳು. ಚಪ್ಪಲಿ ಹೊರಗೆ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತಳು. ಬಾಣ ಹೊರಟಿತು, ತಿರುಗಿತು, ನಿಂತಿತು. ಯಂತ್ರ ತಲುಪಿದ್ದೀರಿ ಎಂದಿತು.

"ಏನಮ್ಮ, ಮನೆಗೆ ಬಂದವರಿಗೆ ನೀರೂ ಕೊಡುವುದಿಲ್ಲವೆ?" ಎಂದರು ಜಯಪ್ರಕಾಶ್.

ದೇವಿರಮ್ಮನ ಮುಖ ನಾಚಿಕೆಯಿಂದ ಕೆಂಪಾಯಿತು. ಅವಳ ಜನ್ಮದಲ್ಲಿ ಮನೆಗೆ ಬಂದವರು ಹೀಗೆ ಬಾಯಿಬಿಟ್ಟು ಕೇಳಿದ್ದಿಲ್ಲ. ದಡಬಡನೆ ಇಳಿದು, ಕಛೇರಿಯೊಳಗೆ ಓಡಿ, ವನಜಾರ ಮೇಜಿನ ಮೇಲಿದ್ದ ನೀರನ್ನೇ ತಂದುಕೊಟ್ಟಳು. "ಮಜ್ಜಿಗೆ ಮಾಡಿರ್ನಿಲ್ಲ ಸಾ, ತೆಪ್ ತಿಳ್ಕಬ್ಯಾಡಿ" ಎಂದಳು. ಶಿವರಾಮು ತಿರುಗಿ ಅವಳ ಮುಖ ನೋಡಿದ. ಅವಳು ನಿಜವಾಗಿಯೂ ನೊಂದಿದ್ದಳು.

"ಇರಲಿ. ಬಿದ್ದಿರುವುದು ಯಾವ ಗೋಡೆ?"

"ಇಂದ್ಗಡೇದು ಸಾ."

"ರಿವರ್ಸ್ ಹಾಕು ಶಿವರಾಮು."

ಪರದೆಯ ಮೇಲೆ ಕಾರಿನ ಹಿಂದಿನ ದೃಶ್ಯ ಮೂಡಿತು: ಕಛೇರಿಯ ಅಂಗಳ, ವನಜಾರ ಸ್ಕೂಟರು, ಮಲಗಿದ್ದ ನಾಯಿ. ಜಯಪ್ರಕಾಶ್ ಅವರು ಬಹಳ ಹೊತ್ತು ನೋಡಿದರು. ಅವರಿಗೆ ಸಹಾಯ ಮಾಡುವ ಮನಸ್ಸಿತ್ತು. "ಬಿದ್ದ ಗೋಡೆ ಕಂಡುಬರುತ್ತಿಲ್ಲವಲ್ಲಮ್ಮ. ಕಾಣದ್ದನ್ನು ಕಂಡೆ ಎಂದು ಹೇಗೆ ಬರೆಯಲಿ? ಶನಿವಾರದೊಳಗೆ ಕಾಣದಿದ್ದರೆ ಅರ್ಜಿ ಮುಗಿಯಿತು."

ದೇವಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕಾಣ್ಬೇಕು ತಾನೆ? ತಂದಾಕ್ತೀನಿ ಬುಡಿ."

"ಹೆಂಟೆ ಸರಿಸಬಾರದು ಅಂತ ರೂಲ್ಸ್ ಅದೆಯಲ್ಲ ಚಿಕ್ಕವ್ವ" ಎಂದ ಶಿವರಾಮು ಗಾಬರಿಯಿಂದ.

ವನಜಾ ನಿಯಮಗಳನ್ನು ತಿರುವಿ ನೋಡಿ ಸ್ಪಷ್ಟಪಡಿಸಿದರು: ಪೂರಿಗಾಲಿಯ ಮನೆಯಿಂದ ತೆಗೆದು, ಯಂತ್ರವು ಪೂರಿಗಾಲಿಯ ಮನೆಯೆಂದು ಘೋಷಿಸಿದ ಸ್ಥಳದಲ್ಲಿಯೇ ಹಾಕಿದರೆ ಅದನ್ನು ಸರಿಸಿದಂತೆ ಆಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ದೇವಿರಮ್ಮನ ಹಿಂಗೋಡೆ ಟ್ರಾಕ್ಟರಿನಲ್ಲಿ ಮಳವಳ್ಳಿಗೆ ಬಂತು. ಶಿವರಾಮು ರಜೆ ಹಾಕಿ ತಾನೇ ಮಣ್ಣು ತುಂಬಿದ್ದ. ಹೆಂಟೆ, ಹಂಚಿನ ಚೂರು, ಗೋಡೆಗೆ ಹೊಡೆದಿದ್ದ ಮೊಳೆ, ಒಂದನ್ನೂ ಬಿಟ್ಟಿರಲಿಲ್ಲ. ಕಾರಿನ ಹಿಂದೆ ಸುರಿದು, ರಿವರ್ಸ್ ಹಾಕಿದಾಗ ಯಂತ್ರ ಕುಂಯ್ ಕುಂಯ್ ಎಂದು ಬಡಿದುಕೊಂಡಿತು. ಪರದೆಯ ತುಂಬ ಮಣ್ಣು.

"ಅಯ್ಯೋ, ಎಂಥ ಗೋಡೆ! ಪೂರ್ತಿ ಹೋಗಿದೆಯಲ್ಲಮ್ಮ!" ಎಂದು ಜಯಪ್ರಕಾಶ್ ಅವರು ಧಾರಾವಾಹಿಯನ್ನು ನಿಲ್ಲಿಸಿಯೇ ಮರುಗಿದರು. ಆ ಕ್ಷಣವೇ ಹೊಸ ಗೋಡೆ ಮಂಜೂರಾಯಿತು. ದೇವಿರಮ್ಮ ಕೈಮುಗಿದಳು. ಶಿವರಾಮುವಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸೋಮವಾರ ಗಾರೆಯವರು ಬಂದು ಕಾರಿನ ಹಿಂದೆ ಪಾಯ ತೋಡತೊಡಗಿದಾಗ ಅವನು ಓಡಿದ. "ಸಾ, ಇಲ್ಲಿ ಯಾಕ್ ತೋಡ್ತಾವ್ರೆ? ಮನೆ ಪೂರಿಗಾಲೀಲಿ ಅದೆ!"

"ಗೋಡೆ ಎಲ್ಲಿ ಬಿದ್ದಿದೆಯೋ ಅಲ್ಲಿಯೇ ಕಟ್ಟತಕ್ಕದ್ದು. ಇಲ್ಲಿ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ನೀನೂ ನೋಡಿದ್ದೀಯ" ಎಂದರು ಜಯಪ್ರಕಾಶ್ ಅವರು ಮೃದುವಾಗಿ.

ಗೋಡೆ ಎದ್ದಿತು. ಒಳ್ಳೆಯ ಗೋಡೆ, ಇಟ್ಟಿಗೆ, ಸಿಮೆಂಟು, ಎರಡೂ ಕಡೆ ಗಾರೆ, ಸುಣ್ಣ. ಇಡೀ ಪೂರಿಗಾಲಿಯಲ್ಲಿ ಅಂಥದ್ದೊಂದಿರಲಿಲ್ಲ. ನೋಡಲು ಬಂದ ದೇವಿರಮ್ಮ ಅಂಗೈಯಿಂದ ತಟ್ಟಿ ನೋಡಿದಳು, ಬೆನ್ನು ಕೊಟ್ಟು ನಿಂತಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಶೋಭಿತಾಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದರು. ಸಂಜೆಯ ಹೊತ್ತಿಗೆ ಹೆಣ್ಣು ಕೂಸು.

"ಚಿಕ್ಕವ್ವ, ಕೂಸ್ನ ಎಲ್ಲಿಗ್ ಕರ್ಕಂಡ್ ಓಗ್ತಿಯೆ?" ಎಂದು ಕೇಳಿದ ಶಿವರಾಮು. ಪೂರಿಗಾಲಿಯಲ್ಲಿ ಈಗ ಬಿದ್ದ ಗೋಡೆಯೂ ಇರಲಿಲ್ಲ.

"ಗೋಡೆ ಎಲ್ಲದೋ ಅಲ್ಗೇ ಕಣ್ಲಾ. ಇನ್ನೆಲ್ಗೆ?"

ಹೊಸ ಗೋಡೆಯ ತುದಿಯಿಂದ ಕಾರಿನ ಮೇಲಿನ ಕ್ಯಾರಿಯರ್‌ಗೆ ಗಳ ಕಟ್ಟಿ, ತೆಂಗಿನ ಸೋಗೆ ಹೊದಿಸಲಾಯಿತು. ಹಿಂದೆ ಗೋಡೆ, ಮುಂದೆ ಕಾರು, ಎರಡು ಪಕ್ಕಕ್ಕೆ ಟಾರ್ಪಾಲು. ಬಾಣಂತಿಗೆ ಗಾಳಿ ಎಲ್ಲಿಂದಲೂ ಸೋಕಲಿಲ್ಲ. ಬೀಗರು ಬಂದು ನೋಡಿ, ಊರೊಳಗೇ ಮನೆ ಮಾಡಿದ್ದು ಒಳ್ಳೆಯದಾಯಿತು, ಬಸ್ಸಿಗೂ ಹತ್ತಿರ ಎಂದರು. ಜಯಪ್ರಕಾಶ್ ಅವರು ಕೂಸಿಗೆ ತೊಂದರೆಯಾಗದಂತೆ ಧಾರಾವಾಹಿಯ ದನಿ ತಗ್ಗಿಸಿ, ಆದೇಶವೊಂದನ್ನು ಹೊರಡಿಸಿದರು: "ಸದರಿ ವಾಹನವು ಈಗ ಗೋಡೆಯಾಗಿರುವುದರಿಂದ ಅದನ್ನು ಚಲಾಯಿಸತಕ್ಕದ್ದಲ್ಲ. ಚಾಲಕ ಶಿವರಾಮು ಎರಡೂ ಗೋಡೆಗಳನ್ನು ನೋಡಿಕೊಳ್ಳತಕ್ಕದ್ದು." ಶಿವರಾಮು ಆದೇಶಕ್ಕೆ ಸಹಿ ಹಾಕಿ, ಹೊಸ ಗೋಡೆಗೆ ನೀರು ಹಾಕಲು ಬಕೆಟ್ ತಂದ.

ಒಂದು ದಿನ ದೇವಿರಮ್ಮ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕಾರಿನ ಕಿಟಕಿಯ ಬಳಿ ಬಂದಳು.

"ಸಾ, ಅಳ್ಳೀಲಿ ಇನ್ನ ಮೂರ್ ಗೋಡೆ ನಿಂತವೆ. ಅವೂ ಇಲ್ಗೆ ಬಂದುಬುಟ್ರೆ ಕೂಸ್ಗೊಂದ್ ಮನೆ ಅಂತ ಆಯ್ತದೆ."

"ನಿಂತ ಗೋಡೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲಮ್ಮ. ಬಿದ್ದರೆ ತಕ್ಷಣ ತಿಳಿಸಿ."

ಅವಳು ಸರಿ ಎಂದು ತಲೆಯಾಡಿಸಿದಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಹಣೆಗೆ ಕೈಯಿಟ್ಟು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಬಕೆಟ್ ಹಿಡಿದು ನಿಂತಿದ್ದ ಶಿವರಾಮುವಿನ ಕಡೆ ತಿರುಗಿ, ನೆಮ್ಮದಿಯಿಂದ ಹೇಳಿದಳು:

"ಟ್ರಾಕ್ಟರ್‌ನೋನ್ಗೆ ಒಂದ್ ಮಾತ್ ಯೇಳಿಡು ಕಣ್ಲಾ."