ಪ್ರೇಮದಾಗ ಡಾಕ್ಟರ್

ಕೆಲವು ಶಬ್ದಗಳು ಒಮ್ಮೆ ಮನುಷ್ಯನಿಗೆ ಅಂಟಿಕೊಂಡರೆ ನಿವೃತ್ತಿಯಾಗುವವರೆಗೂ ಬಿಡುವುದಿಲ್ಲ. ನನಗೆ ಅಂಟಿದ ಶಬ್ದ ‘ರೊಮ್ಯಾಂಟಿಕ್’. ನಾನು ರಾಯಚೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕಿ. ಇನ್ನೂರು ವರ್ಷಗಳ ಹಿಂದೆ ಬೆಟ್ಟ, ಹೊಳೆ, ಮೋಡ, ಮನುಷ್ಯನ ಕಲ್ಪನೆ ಇವುಗಳ ಬಗ್ಗೆ ಬರೆದ ಇಂಗ್ಲಿಷ್ ಕವಿಗಳ ಒಂದು ಗುಂಪಿಗೆ ರೊಮ್ಯಾಂಟಿಕ್ ಕವಿಗಳು ಎನ್ನುತ್ತಾರೆ. ನಾನು ಪಾಠ ಮಾಡುವುದೂ ಅವರನ್ನೇ, ಪಿಎಚ್.ಡಿ. ಮಾಡಿದ್ದೂ ಅವರ ಮೇಲೆಯೇ. ಕನ್ನಡ ವಿಭಾಗದವರು ಇಂಥದಕ್ಕೆ ‘ರಮ್ಯ’ ಎಂಬ ಮರ್ಯಾದಸ್ಥ ಹೆಸರು ಇಟ್ಟುಕೊಂಡು ಪಾರಾಗಿದ್ದಾರೆ. ನಮಗೆ ಆ ಅನುಕೂಲವಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ನನ್ನನ್ನು ಪರಿಚಯಿಸುತ್ತ “ಇವ್ರು ರೊಮ್ಯಾನ್ಸಿನಾಗ ಡಾಕ್ಟರೇಟ್ ಮಾಡ್ಯಾರ” ಎಂದರೆ, ಎದುರಿಗಿದ್ದವರು ಮೊದಲು ನನ್ನನ್ನು ನೋಡಿ, ಆಮೇಲೆ ನನ್ನ ಗಂಡ ಅಮರೇಶನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಾರೆ. ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡುವ ಆತ, ಕರೆಂಟು ಹೋದವರ ದೂರು ಕೇಳುವಷ್ಟೇ ತಾಳ್ಮೆಯಿಂದ ಇದನ್ನೂ ಕೇಳಿಸಿಕೊಂಡು, ಊಟದ ಪಂಕ್ತಿ ಎಲ್ಲಿ ಎಂದು ವಿಚಾರಿಸುತ್ತಾನೆ.

ರಾಯಚೂರು ಜಿಲ್ಲೆಯ ನಮ್ಮೂರು ಜಾಲಹಳ್ಳಿಯಲ್ಲಿ ಬೇರೆಯವರ ಹೊಲದಲ್ಲಿ ಕಳೆ ತೆಗೆದು, ನಾಟಿ ಹಚ್ಚಿ ನನ್ನನ್ನು ಓದಿಸಿದ ಅವ್ವನಿಗೆ ಮಾತ್ರ ಈ ಅಪಾರ್ಥ ಇರಲಿಲ್ಲ. ಅವಳದು ಬೇರೆಯದೇ ತಕರಾರು. ಆ ಕವಿಗಳ ಪದ್ಯಗಳಲ್ಲಿ ಬರುವ ಮೋಡಗಳ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆಂದು ಗೊತ್ತಾದಾಗ, “ಹಂಗಾದ್ರ ಮಳಿ ಯಾವಾಗ ಬರ್ತದಂತ ಹೇಳ್ತಿಯೇನವಾ?” ಎಂದು ಕೇಳಿದಳು. ಇಲ್ಲ ಎಂದೆ. “ಮತ್ತ ಅದರಾಗ ಏನು ನೋಡಾಕತ್ತೀ?” ಎಂದಳು. ಮುಂದೆ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅವರು ಇಂಗ್ಲಿಷಿನಲ್ಲಿ ಕೇಳಿದರು, ಅಷ್ಟೇ.

ನನ್ನ ಮೊದಲ ನೌಕರಿ ದೇವದುರ್ಗದಲ್ಲಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಫ್ಯಾನು ನಿಂತ ಕೋಣೆಯಲ್ಲಿ, ಚಳಿಗಾಲ ಕಳೆದು ಬಿಸಿಲು ಬಂತೆಂದು ಹಿಗ್ಗುವ ಪದ್ಯವೊಂದನ್ನು ಬೆವರು ಒರೆಸಿಕೊಳ್ಳುತ್ತ ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ಬಿಸಲು ಬಂದ್ರ ಇವ್ರ್ಯಾಕ್ರೀ ಇಷ್ಟು ಕುಣೀತಾರ? ಒಂದು ಸಲ ನಮ್ಮೂರಿಗೆ ಕರಕೊಂಡು ಬರ್ರಿ” ಎಂದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಂದಿನಿಂದ ಕವಿ ಬಿಸಿಲು ಎಂದಲ್ಲಿ ಜೂನ್ ತಿಂಗಳ ಮೊದಲ ಮೋಡ ಎಂದೂ, ಮೋಡ ಕವಿದು ಬೇಸರವಾಯಿತು ಎಂದಲ್ಲಿ ಮೇ ತಿಂಗಳ ಮಧ್ಯಾಹ್ನ ಎಂದೂ ತಿಳಿದುಕೊಳ್ಳಬೇಕೆಂದು ಹೇಳಿಕೊಡತೊಡಗಿದೆ. ಮಕ್ಕಳಿಗೆ ಪದ್ಯ ಥಟ್ಟನೆ ಅರ್ಥವಾಯಿತು. ಈ ಹೊಸ ವಿಧಾನವನ್ನು ನನ್ನ ಪಿಎಚ್.ಡಿ. ಮಾರ್ಗದರ್ಶಕರಿಗೆ ಮಾತ್ರ ತಿಳಿಸಲಿಲ್ಲ.

ದೇವದುರ್ಗದಿಂದ ಮಾನ್ವಿಗೆ ವರ್ಗವಾಯಿತು. ಅಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು ಸುಮಂಗಲಾ. ಅಕ್ಕಿ ಗಿರಣಿಯ ಚನ್ನಬಸಪ್ಪ ಸಾಹುಕಾರರ ಒಬ್ಬಳೇ ಮಗಳು. ಕಡಿಮೆ ಮಾತಿನ ಹುಡುಗಿ, ಪಾಠದ ಹೊತ್ತಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಕೇಳುತ್ತಿಲ್ಲವೆಂದುಕೊಂಡು ಪ್ರಶ್ನೆ ಹಾಕಿದರೆ ಪದ್ಯದ ಸಾಲನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಳು. ನಾನು ರಾಯಚೂರಿಗೆ ಬಂದ ಮೇಲೆ ಅವಳ ಸುದ್ದಿ ಇರಲಿಲ್ಲ. ಕಳೆದ ವರ್ಷ ಬೇಸಿಗೆಯಲ್ಲಿ ಒಂದು ಮುಂಜಾನೆ ಸಾಹುಕಾರರೇ ನಮ್ಮ ಮನೆ ಹುಡುಕಿಕೊಂಡು ಬಂದರು. ವಿಭೂತಿ ಹಚ್ಚಿದ ಹಣೆ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಮುಖದಲ್ಲಿ ಮಾತ್ರ ನಿದ್ದೆಯಿಲ್ಲದವರ ಕಳೆ.

“ಮೇಡಂರೀ, ನೀವು ಪ್ರೇಮದಾಗ ಡಾಕ್ಟರ್ ಅದೀರಂತ ಎಲ್ಲಾರೂ ಹೇಳ್ತಾರ” ಎಂದರು. “ನಮ್ಮ ಸುಮಂಗಲಾ ಬಂದ ವರಾನೆಲ್ಲಾ ಒಲ್ಲೆ ಅನ್ನಾಕತ್ತ್ಯಾಳ. ಸಿಂಧನೂರಿನ ಸಂಬಂಧ ಅಂತೂ ಬಂಗಾರದಂಥಾದ್ದು. ಯಾಕ ಬ್ಯಾಡವಾ ಅಂದ್ರ ಬಾಯಿ ಬಿಡವಲ್ಲಳು. ಆಕಿ ಮನಸ್ಸಿನಾಗ ಯಾರಾದ್ರೂ ಅದಾರೇನು, ನೀವಾ ಬಂದು ತಿಳ್ಕೊಂಡು ಹೇಳ್ಬೇಕ್ರೀ.”

“ಸಾಹುಕಾರ್ರ, ನಾ ಓದಿದ್ದು ಆ ಪ್ರೇಮ ಅಲ್ರೀ. ಅದು ಮೋಡ, ಹೊಳಿ, ಗುಡ್ಡ, ಕಲ್ಪನಾ ಹಿಂಗಿರ್ತದ” ಎಂದೆ.

“ಅದಾ ರೀ. ಹುಡುಗೂರು ಶುರು ಮಾಡೂದಾ ಅಲ್ಲಿಂದ” ಎಂದರು ಸಾಹುಕಾರರು.

ಭಾನುವಾರ ಮಾನ್ವಿಗೆ ಹೋದೆ. ಗಿರಣಿಯ ಪಕ್ಕದಲ್ಲೇ ಮನೆ. ಹೊಟ್ಟಿನ ಧೂಳು ಹೊಸಿಲ ಮೇಲೆ ಕೂಡ ತೆಳ್ಳಗೆ ಕೂತಿತ್ತು. ಸುಮಂಗಲಾ ನನ್ನನ್ನು ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು. ನಾನು ವೈದ್ಯರು ನಾಡಿ ಹಿಡಿಯುವ ಗಾಂಭೀರ್ಯದಲ್ಲಿ, ಯಾರಾದರೂ ಇದ್ದಾರಾ ಎಂದು ಕೇಳಿದೆ. ಅವಳು ಗಾಬರಿಯಿಂದ ತಲೆ ಎತ್ತಿದಳು.

“ಯಾರೂ ಇಲ್ರೀ ಮೇಡಂ! ನನಗ ಎಂ.ಎ. ಮಾಡ್ಬೇಕಾಗ್ಯಾದ. ಆಮ್ಯಾಲ ನಿಮ್ಮಂಗ ಪಿಎಚ್.ಡಿ., ಅದಾ ರೊಮ್ಯಾಂಟಿಕ್ ಕವಿಗಳ ಮ್ಯಾಲ. ಅಪ್ಪನ ಮುಂದ ಆ ಶಬ್ದ ಹೆಂಗ ಹೇಳ್ಲಿ?”

ಹೇಳುತ್ತಲೇ ಅವಳ ಕಣ್ಣು ತುಂಬಿ ಬಂತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಪಾಠ ಮಾಡಿ, ಪದ್ಯಗಳನ್ನು ಪರೀಕ್ಷೆಗಾಗಿ ಅಲ್ಲದೆ ಪದ್ಯಗಳಿಗಾಗಿಯೇ ಬೇಕು ಎಂದವರನ್ನು ನಾನು ಕಂಡದ್ದು ಅಪರೂಪ. ಅಂಥವಳೊಬ್ಬಳು ನನ್ನ ವಿಷಯದ ಹೆಸರಿನ ದೆಸೆಯಿಂದಲೇ ಸಿಂಧನೂರಿಗೆ ಸೊಸೆಯಾಗಿ ಹೋಗುವುದರಲ್ಲಿದ್ದಳು.

ಕೆಳಗೆ ಸಾಹುಕಾರರು ಚಹಾ ಮುಟ್ಟದೆ ಕಾಯುತ್ತಿದ್ದರು. “ಯಾರಂತ್ರೀ ಹುಡುಗ?” ಎಂದರು.

“ಹುಡುಗ ಇಲ್ರೀ. ನಾ ಓದಿದ್ದನ್ನ ಆಕೀನೂ ಓದ್ಬೇಕಂತಾಳ.”

ಸಾಹುಕಾರರು ಚಹಾದ ಕಪ್ಪನ್ನು ಇನ್ನಷ್ಟು ದೂರ ಸರಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು, “ಹುಡುಗನಾ ಇದ್ದಿದ್ರ ಛಲೋ ಇತ್ತಲ್ರೀ ಮೇಡಂ. ಬೈದು ಬಿಡಿಸಬಹುದಿತ್ತು, ಇಲ್ಲಾಂದ್ರ ಮದುವಿ ಮಾಡಿ ಕೈ ತೊಳಕೋಬಹುದಿತ್ತು. ಇದಕ್ಕೇನು ಮಾಡ್ಲಿ?” ಎಂದರು. ನಂತರ ವಿಚಾರಣೆ ಶುರುವಾಯಿತು. ಆ ಕವಿಗಳು ಏನು ಕಸುಬು ಮಾಡುತ್ತಿದ್ದರು ಎಂದು ಕೇಳಿದರು. ಕೆಲವರು ಅಪ್ಪನ ಆಸ್ತಿಯ ಮೇಲೆ, ಕೆಲವರು ಗೆಳೆಯರ ಆಸರೆಯಲ್ಲಿ ಇದ್ದರು ಎಂದೆ. “ಅಂದ್ರ ದುಡೀಲಿಲ್ಲ” ಎಂದರು. ಬಹಳ ಕಾಲ ಬದುಕಿದರೇ ಎಂದರು. ಹಲವರು ಸಣ್ಣ ವಯಸ್ಸಿನಲ್ಲೇ ಹೋದರು ಎಂದು ಒಪ್ಪಿಕೊಳ್ಳಬೇಕಾಯಿತು. ನನ್ನ ಕವಿಗಳ ಪರ ವಾದಿಸುವುದು ಇಷ್ಟು ಕಷ್ಟ ಎಂದು ಯಾವ ವಿಚಾರ ಸಂಕಿರಣದಲ್ಲೂ ನನಗೆ ಅನ್ನಿಸಿರಲಿಲ್ಲ.

ಕೊನೆಗೆ ನಾನು ಕುರ್ಚಿಯ ಅಂಚಿಗೆ ಸರಿದು ಮನಸ್ಸಿನಲ್ಲಿದ್ದುದನ್ನು ಹೇಳಿದೆ. “ಸಾಹುಕಾರ್ರ, ನಮ್ಮವ್ವ ಮಂದಿ ಹೊಲದಾಗ ನಾಟಿ ಹಚ್ಚಿ ನನ್ನ ಓದಿಸ್ಯಾಳ. ರಾಜರು ರಾಣಿಯರು ಮಾತ್ರ ಕಾವ್ಯದಾಗ ಬರ್ತಾರ ಅಂತ ನಾ ತಿಳಕೊಂಡಿದ್ದೆ. ಈ ಕವಿಗಳು ಕೂಲಿ ಮಾಡೋರನ್ನ, ಕುರಿ ಕಾಯೋರನ್ನ, ದಿಕ್ಕಿಲ್ಲದ ಮುದುಕರನ್ನ ಕರಕೊಂಡು ಬಂದು ಪದ್ಯದಾಗ ಕೂಡಿಸಿದ್ರು. ನಮ್ಮವ್ವನಂಥಾಕಿ ಮ್ಯಾಲೂ ಪದ್ಯ ಆಗ್ತದ ಅಂತ ನನಗ ಅವತ್ತು ಗೊತ್ತಾತು. ನಿಮ್ಮ ಮಗಳಿಗೂ ಹಿಂಗ ಏನೋ ಗೊತ್ತಾಗ್ಯಾದ. ಅದನ್ನ ನಡುವಾ ನಿಲ್ಲಿಸಬ್ಯಾಡ್ರಿ.”

“ಅದನ್ನ ನಮ್ಮ ಶರಣರು ಯಾವಾಗೋ ಮಾಡ್ಯಾರಲ್ರೀ” ಎಂದರು ಸಾಹುಕಾರರು.

“ಹೌದ್ರೀ. ಅದಕ್ಕಾ ಈ ಕವಿಗಳೂ ನಮ್ಮ ಪೈಕಿಯವ್ರು ಅಂತ ತಿಳ್ಕೋರಿ” ಎಂದೆ.

ಅವರು ಮಾಳಿಗೆಯ ಕಡೆ ನೋಡಿದರು, ನನ್ನನ್ನು ನೋಡಿದರು. “ವಿಚಾರ ಮಾಡ್ತೀನ್ರೀ” ಎಂದು ಎದ್ದರು.

ಸಿಂಧನೂರಿನವರಿಗೆ ಇಲ್ಲ ಎಂದು ಹೇಳಿ ಕಳಿಸಿದ ಸುದ್ದಿ ಕೆಲವೇ ದಿನಗಳಲ್ಲಿ ಬಂತು. ಸುಮಂಗಲಾ ನಮ್ಮ ಕಾಲೇಜಿನಲ್ಲೇ ಎಂ.ಎ.ಗೆ ಸೇರಿ ಹಾಸ್ಟೆಲಿನಲ್ಲಿ ಉಳಿದಳು. ನನ್ನ ಹಿಗ್ಗನ್ನು ಕೇಳಬೇಡಿ. ಕುರ್ಚಿಯ ಅಂಚಿಗೆ ಸರಿದ ಘಳಿಗೆಯನ್ನೂ ಬಿಡದೆ, ಆ ಭಾಷಣವನ್ನು ಸಹೋದ್ಯೋಗಿಗಳಿಗೆಲ್ಲ ಹೇಳಿದೆ. ಸಾಹಿತ್ಯದಿಂದ ಏನು ಪ್ರಯೋಜನ ಎಂದು ಸದಾ ಕೆಣಕುವ ವಾಣಿಜ್ಯ ವಿಭಾಗದವರಿಗೆ ಎರಡು ಸಲ ಹೇಳಿದೆ.

ಮೊನ್ನೆ ಸುಮಂಗಲಾ ಊಟಕ್ಕೆ ಮನೆಗೆ ಬಂದಿದ್ದಳು. ಅಮರೇಶನೂ ಕೇಳಲಿ ಎಂಬ ಆಸೆಯಿಂದ, ಅಪ್ಪ ನನ್ನ ಯಾವ ಮಾತಿಗೆ ಒಪ್ಪಿದರು ಎಂದು ಕೇಳಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಬ್ಯಾಡ್ರೀ ಮೇಡಂ” ಎಂದಳು. ನಾನು ಬಿಡಲಿಲ್ಲ.

“ಮಾತಿಗಲ್ರೀ. ನೀವು ಹೋದ ಮ್ಯಾಲ ಅಪ್ಪ ಅವ್ವಗ ಅಂದ್ರು, ‘ಹುಡುಗಿ ಕೆಟ್ಟುಹೋಗ್ತಾಳಂತ ಸುಮ್ಮನ ಅಂಜಿದ್ವಿ. ಆ ಮೇಡಂನ ನೋಡು. ಅಷ್ಟು ವರ್ಷದಿಂದ ಬರೇ ಪ್ರೇಮಾನಾ ಓದ್ಯಾರ, ಏನರ ಆಗ್ಯಾದೇನು ಅವರಿಗೆ?’”

ಅಮರೇಶನಿಗೆ ರೊಟ್ಟಿ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು. ಸುಮಂಗಲಾ ಹೋದ ಮೇಲೆ ನಾನು ತಲೆ ಬಾಚಿ, ಮಲ್ಲಿಗೆ ಮುಡಿದು, “ಸಂಜೀಕ ಕೆರಿ ದಂಡಿಗೆ ಹೋಗಿ ಸುಮ್ಮನ ಕೂತು ಬರೂಣು” ಎಂದೆ. ಆತ ನನ್ನ ಹಣೆ ಮುಟ್ಟಿ ನೋಡಿದ. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ, “ಈಗ ಅಲ್ಲಿ ಸೊಳ್ಳಿ ಭಾಳ ಅದಾವ” ಎಂದ. ನನಗೂ ಅದು ಸರಿಯೆನ್ನಿಸಿತು. ಕುಕ್ಕರ್ ಇಟ್ಟು, ಮರುದಿನದ ಪಾಠಕ್ಕೆ ಕೂತೆ.