ಎರಡೂ ತುದಿಗೆ ಕುಂಕುಮ

ತಪ್ಪನ್ನು ಕಂಡ ಕೂಡಲೇ ಅದು ತಪ್ಪೆಂದು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನಾನು ಓದಿದ ಶಾಲೆಯಲ್ಲಿ ಮಕ್ಕಳೇ ನಿಯಮ ಬರೆದು ಗೋಡೆಗೆ ಅಂಟಿಸುತ್ತಿದ್ದರು; ಆ ಚಾಳಿ ನಾನೀಗ ಪಾಠ ಮಾಡುವ ಹಳೇಬೀಡಿನ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದವರೆಗೂ ನನ್ನನ್ನು ಹಿಂಬಾಲಿಸಿದೆ. ಅಲ್ಲಿ ನನ್ನ ಕೈಬರಹದ ಒಂಬತ್ತು ಸೂಚನಾಫಲಕಗಳಿದ್ದವು. ಹತ್ತನೆಯದನ್ನು ಬಸ್ ನಿಲ್ದಾಣದಲ್ಲಿ ಅಂಟಿಸಿದ್ದೆ; ಮೇಕೆ ತಿಂದಿತು. ಆ ಬಗ್ಗೆ ಲಿಖಿತ ದೂರನ್ನೂ ಸಲ್ಲಿಸಿದ್ದೇನೆ.

ಮೊನ್ನೆ ಮಧ್ಯಾಹ್ನ ಹಗರೆಯ ಹಾಲಿನ ಡೈರಿಯ ಕಾರ್ಯದರ್ಶಿ ಗೌರಮ್ಮ, ಹಾಲಿನ ಕೊಬ್ಬು ಅಳೆಯುವ ಯಂತ್ರವನ್ನು ಕೂಸಿನಂತೆ ಅಪ್ಪಿಕೊಂಡು ಪ್ರಯೋಗಾಲಯಕ್ಕೆ ಬಂದರು. ಅದರ ಅಡಾಪ್ಟರ್ ಸುಟ್ಟುಹೋಗಿತ್ತು. "ಅಡಾಪ್ಟರ್ ಬೇಲೂರಲ್ಲಿ ಸಿಗ್ತದೆ. ಮಿಷೀನೇ ಹೋಗಿದ್ರೆ ಸಂಜೆ ಎಲ್ರೂ ಹಾಲಿನ ಕ್ಯಾನ್ ಹೊತ್ಕಂಡು ವಾಪಸ್ ಹೋಗ್ಬೇಕು. ಒಸಿ ನೋಡ್ಕೊಡಿ ಮೇಡಂ," ಎಂದರು.

ನಮ್ಮ ಪವರ್ ಸಪ್ಲೈಯಿಂದ ಹನ್ನೆರಡು ವೋಲ್ಟ್ ಕೊಟ್ಟು ನೋಡಿದರೆ ತಿಳಿಯುತ್ತಿತ್ತು. ಆದರೆ ಆ ಸಪ್ಲೈಯ ಕೆಂಪು ತುದಿಯೂ ಕೆಂಪು, ಕಪ್ಪು ತುದಿಯೂ ಕೆಂಪು! ಆಯುಧಪೂಜೆಯಂದು ಅಟೆಂಡರ್ ಕೆಂಚಪ್ಪನವರು ಎರಡಕ್ಕೂ ಭಕ್ತಿಯಿಂದ ಕುಂಕುಮ ಮೆತ್ತಿದ್ದರು.

"ಕೆಂಚಪ್ಪನವರೇ, ಧನ ಯಾವುದು, ಋಣ ಯಾವುದು ಎಂದು ತಿಳಿಯದಂತೆ ಮಾಡುವುದು ವಿಜ್ಞಾನಕ್ಕೆ ಬಗೆದ ಅನ್ಯಾಯ," ಎಂದೆ.

"ಭೇದ ಮಾಡಬ್ಯಾಡಿ ಅಂತ ದಿನಾ ಹೇಳೋರು ನೀವೇ ಅಲ್ವರಾ ಮೇಡಮ್ಮೋರೇ?"

ಗೌರಮ್ಮ ಸೆರಗಿನೊಳಗೆ ನಕ್ಕರು. ಇದಕ್ಕೆ ನನ್ನಲ್ಲಿ ಸುದೀರ್ಘ ಉತ್ತರವಿತ್ತು. ಮೂಢಾಚರಣೆ, ಉಪಕರಣಗಳ ಘನತೆ, ಪ್ರಜೆಗಳ ಹೊಣೆ ಎಂದು ವಿವರಿಸುತ್ತಲೇ ಯಂತ್ರದ ಒಂದು ತಂತಿಯನ್ನು ಸಪ್ಲೈಗೆ ಬಿಗಿದೆ. ಎರಡನೆಯದನ್ನು ತುದಿಯ ಬಳಿಗೆ ಒಯ್ದೆ.

"ತಡ್ಕಳಿ! ಔಟ್‌ಪುಟ್ ದೀಪ ಉರೀತಾ ಐತೆ. ಮೂವತ್ತು ತೋರುಸ್ತಾ ಐತೆ!" ಕೆಂಚಪ್ಪನವರು ಕೂಗಿದರು.

ಬೆಳಗಿನ ಪ್ರಯೋಗದ ಮೂವತ್ತು ವೋಲ್ಟ್ ಹಾಗೆಯೇ ಕುಳಿತಿತ್ತು. ಗೌರಮ್ಮನವರ ನಗು ನಿಂತಿತು. ಕೆಂಚಪ್ಪನವರು ನನ್ನ ಕೈಯಿಂದ ತಂತಿಯನ್ನು ಮೆಲ್ಲನೆ ಬಿಡಿಸಿಕೊಂಡರು. ಔಟ್‌ಪುಟ್ ಆರಿಸಿ, ಹನ್ನೆರಡಕ್ಕೆ ಇಳಿಸಿ, ಕರೆಂಟಿನ ಮಿತಿಯನ್ನು ಯಂತ್ರಕ್ಕೆ ಬೇಕಾದಷ್ಟಕ್ಕೇ ಕಟ್ಟಿದರು. ಔಟ್‌ಪುಟ್ ಹಾಕಿ, ಮೀಟರ್ ಹಿಡಿದು ಧನ ಯಾವುದೆಂದು ಖಚಿತಪಡಿಸಿಕೊಂಡು, ಮತ್ತೆ ಆರಿಸಿ, ಎರಡೂ ತಂತಿಗಳನ್ನು ಬಿಗಿದು, ಎಳೆದು ನೋಡಿ, ಕೊನೆಗೆ ಔಟ್‌ಪುಟ್ ಒತ್ತಿದರು. ಯಂತ್ರ 'ಕುಂಯ್' ಎಂದು ಕಣ್ಣು ಬಿಟ್ಟಿತು.

"ಅಬ್ಬ, ಬದುಕ್ತು! ಇದನ್ನೆಲ್ಲ ಎಲ್ಲಿ ಕಲ್ತ್ರಿ ಕೆಂಚಪ್ಪಾರೇ?" ಗೌರಮ್ಮ ಕೇಳಿದರು.

"ಅಗೋ, ಗೋಡೆ ಮ್ಯಾಲೈತಲ್ಲ, ನಾಕನೇ ಬೋರ್ಡು. ಪೂಜೆ ದಿನ ಅದಕ್ಕೂ ಕುಂಕುಮ ಇಡೋವಾಗ ಪೂರ್ತಿ ಓದಿದ್ದೆ ಕಣವ್ವ."

ಅವರಿಬ್ಬರೂ ಅಡಾಪ್ಟರ್ ಕೊಳ್ಳಲು ಬೇಲೂರಿನ ಬಸ್ಸಿಗೆ ಹೊರಟರು. ನಾನು ನಾಲ್ಕನೆಯ ಫಲಕದ ಮುಂದೆ ನಿಂತೆ. ಅಕ್ಷರ ನನ್ನದೇ. ಬರೆದ ಮೇಲೆ ಅದನ್ನು ಓದಿದ್ದು ಅಂದೇ ಮೊದಲು.

ಈಗ ಆ ಗೋಡೆಯ ಮೇಲೆ ಹತ್ತನೆಯ ಫಲಕವಿದೆ: 'ಭಾಷಣ ಮಾಡುತ್ತ ತಂತಿ ಜೋಡಿಸಬಾರದು.' ಅಂಟಿಸಿದ ಮರುದಿನ ಅದರ ನೆತ್ತಿಯ ಮೇಲೊಂದು ಕುಂಕುಮದ ಬೊಟ್ಟು ಕಂಡಿತು. ಕೈಯಲ್ಲಿ ತಂತಿ ಹಿಡಿದೇ ತಪ್ಪೆಂದು ಹೇಳಲು ಬಾಯಿ ತೆರೆದೆ; ಮೊದಲು ಫಲಕವನ್ನೊಮ್ಮೆ ಓದಿ, ಬಾಯಿ ಮುಚ್ಚಿಕೊಂಡೆ.