ಖಾನಾಪುರಕ್ಕೆ ಹೋಗಿ ಬಂದ ಬಾಲ

ತಮ್ಮಣ್ಣನ ತೊಂದರೆ ಸರಿಯಾಗಿ ನಾಲ್ಕು ಇಂಚು ಉದ್ದವಿತ್ತು, ಮತ್ತು ಸದಾ ಅಲ್ಲಾಡುತ್ತಿತ್ತು.

ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುವ ತಮ್ಮಣ್ಣನಿಗೆ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿರಲಿಲ್ಲ. ಈ ಗುಣದಿಂದಾಗಿ ಅವನು ಬಹಳ ಒಳ್ಳೆಯವನು ಎಂದು ಹೆಸರಾಗಿದ್ದ. ಹೀಗೆ ಹೆಸರಾದವರಿಗೆ ಜನ ಏನೇನು ತಂದು ಕೊಡುತ್ತಾರೋ ಅದೆಲ್ಲ ಅವನ ಮನೆಯಲ್ಲಿತ್ತು. ವರ್ಗವಾಗಿ ಹೊರಟ ಕಾರ್ಖಾನೆಯ ಮ್ಯಾನೇಜರು ಎರಡು ಡಾಬರ್ಮನ್ ಮರಿಗಳನ್ನು ಅವನ ಕೈಗಿತ್ತು, “ಎರಡೇ ದಿನ ಇಟ್ಕೋರಿ” ಎಂದು ಸಾಂಬ್ರಾದಿಂದ ವಿಮಾನ ಹತ್ತಿ ಇಪ್ಪತ್ತು ದಿನವಾಗಿತ್ತು. ಆಮೇಲೆ ಅವರ ಫೋನು ಹತ್ತಲಿಲ್ಲ.

ಮರಿಗಳು ಮೊದಲ ವಾರ ಪಾದರಕ್ಷೆ ತಿಂದವು, ಎರಡನೆಯ ವಾರ ಕುರ್ಚಿಯ ಕಾಲು ತಿಂದವು, ಮೂರನೆಯ ವಾರ ಹೆಂಡತಿ ಪ್ರಮಿಳಾಳ ಇಳಕಲ್ಲ ಸೀರೆಯ ಸೆರಗು ತಿಂದವು. ಭಾನುವಾರ ಬೆಳಿಗ್ಗೆ ಅವಳು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಶಾಂತವಾಗಿ ಹೇಳಿದಳು:

“ಇವತ್ತ ಸಂಜೀಗೆ ಈ ಮನ್ಯಾಗ ಒಂದ ಅವು ಇರಬೇಕು, ಇಲ್ಲಂದ್ರ ನಾ ಇರಬೇಕು. ವಿಚಾರ ಮಾಡ್ರಿ.”

ವಿಚಾರ ಮಾಡುವಂಥದ್ದೇನೂ ಇರಲಿಲ್ಲ. ಮರಿಗಳಿಗೆ ಗಿರಾಕಿಗಳು ಸಿದ್ಧರಿದ್ದರು. ಸದಾಶಿವನಗರದ ಆ ಓಣಿಯಲ್ಲಿ ತಮ್ಮಣ್ಣನ ಎಡಕ್ಕೆ ಗುರುಪುತ್ರಪ್ಪ, ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ಇಲಾಖೆ ಬಿಟ್ಟರೂ ಆಜ್ಞೆ ಕೊಡುವುದನ್ನು ಬಿಟ್ಟಿರಲಿಲ್ಲ. ಬಲಕ್ಕೆ ಅನುರಾಧಾ ಮೇಡಂ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಅವರಿಗೆ ಊರೆಲ್ಲ ತಮ್ಮ ವಿದ್ಯಾರ್ಥಿಗಳಂತೆಯೇ ಕಾಣುತ್ತಿತ್ತು. ಗಂಡು ಮರಿ ಗುರುಪುತ್ರಪ್ಪನವರಿಗೆ, ಹೆಣ್ಣು ಮರಿ ಮೇಡಮ್ಮಿಗೆ ಎಂದು ಮಾತಾಗಿತ್ತು. ಉಳಿದದ್ದು ಬಾಲದ ಪ್ರಶ್ನೆ ಮಾತ್ರ.

ಗುರುಪುತ್ರಪ್ಪನವರ ಷರತ್ತು, ಬಾಲ ಕತ್ತರಿಸಿದ ಮೇಲೆಯೇ ಮರಿ ತರಬೇಕು. “ಬಾಲ ಇದ್ದ ಡಾಬರ್ಮನ್ ಅಂದ್ರ ಪೊಲೀಸನ ಯುನಿಫಾರ್ಮ್ ಮ್ಯಾಲ ಟಾವೆಲ್ ಹಾಕಿದಂಗ. ಕಳ್ಳ ಬಂದ್ರ ನಕ್ಕು ಹೋಗ್ತಾನ” ಎಂದಿದ್ದರು. ತಮ್ಮಣ್ಣ ಹೂಂ ಎಂದಿದ್ದ. ಅನುರಾಧಾ ಮೇಡಮ್ಮಿನ ಷರತ್ತು, ಎರಡರಲ್ಲಿ ಯಾವುದರ ಬಾಲಕ್ಕೆ ಕತ್ತರಿ ತಾಗಿದರೂ ತಾವು ಮರಿ ಒಯ್ಯುವುದಿಲ್ಲ, ಮೇಲೆ ಪೊಲೀಸರಿಗೆ ಅರ್ಜಿ ಕೊಡುವುದು. “ಮಾತು ಬರದ ಜೀವ ಅದು. ಬಾಲಾನೇ ಅದರ ನಾಲಿಗಿ” ಎಂದಿದ್ದರು. ಅದಕ್ಕೂ ತಮ್ಮಣ್ಣ ಹೂಂ ಎಂದಿದ್ದ.

ಎರಡು ಹೂಂಗಳ ನಡುವೆ ಅವನಿಗೆ ಒಂದು ಉಪಾಯ ಹೊಳೆಯಿತು. ಗಂಡು ಮರಿಯ ಬಾಲ ಗುಟ್ಟಾಗಿ ತೆಗೆಸಿ ಗುರುಪುತ್ರಪ್ಪನವರಿಗೆ ದಾಟಿಸುವುದು. ಅವರ ಕಂಪೌಂಡ್ ಗೋಡೆ ಎತ್ತರವಾಗಿತ್ತು. ಮೇಡಮ್ಮಿನ ಎತ್ತರ ಅಷ್ಟಿರಲಿಲ್ಲ.

ಮೊದಲು ಹೋದದ್ದು ಪಶು ವೈದ್ಯರ ಬಳಿಗೆ. ವೈದ್ಯರು ಮರಿಯನ್ನು ಮುದ್ದಿಸಿದರು, ತಮ್ಮಣ್ಣನನ್ನು ದುರುಗುಟ್ಟಿ ನೋಡಿದರು. ರೋಗವಿಲ್ಲದ ಬಾಲವನ್ನು ಬರೀ ಚಂದಕ್ಕಾಗಿ ತಾವು ಕತ್ತರಿಸುವುದಿಲ್ಲ, ಯಾರೂ ಕತ್ತರಿಸಕೂಡದು ಎಂದು ಹೇಳಿ, ಒಂದು ಸೂಜಿ ಚುಚ್ಚಿ, ಕ್ಯಾಲ್ಸಿಯಂ ಬಾಟಲಿ ಕೊಟ್ಟು ಕಳಿಸಿದರು. ಬಾಲ ಕಡಿಮೆ ಮಾಡಲು ಹೋದವನು ಎಲುಬು ಗಟ್ಟಿ ಮಾಡುವ ಔಷಧ ತಂದ.

ಕಾರ್ಖಾನೆಯ ಗೆಳೆಯನೊಬ್ಬ ಫೋನಿನಲ್ಲಿ ದಾರಿ ತೋರಿಸಿದ. ಖಾನಾಪುರದಲ್ಲಿ ಮೈಲಾರಲಿಂಗ ಎಂಬ ಕುರುಬರವನಿದ್ದಾನೆ, ಅವರ ಮನೆಯಲ್ಲಿ ತಲೆತಲಾಂತರದಿಂದ ನಾಯಿ ಸಾಕುತ್ತಾರೆ, ಅವನಿಗೆ ಇದೆಲ್ಲ ಉಗುರು ತೆಗೆದಷ್ಟು ಸುಲಭ ಎಂದ. ಆ ಗೆಳೆಯ ಖಾನಾಪುರವನ್ನೂ ನೋಡಿರಲಿಲ್ಲ, ಮೈಲಾರಲಿಂಗನನ್ನೂ ನೋಡಿರಲಿಲ್ಲ. ಸಲಹೆ ಕೊಡುವುದಕ್ಕೆ ಅದು ಅಡ್ಡಿಯಾಗಲಿಲ್ಲ.

ತಮ್ಮಣ್ಣ ಮರಿಯನ್ನು ಸಂತೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಪೀರನವಾಡಿ ದಾಟುವಷ್ಟರಲ್ಲಿ ಚೀಲ ಕುಣಿಯತೊಡಗಿತು. ಮಚ್ಛೆ ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ವಿಷಯ ತಿಳಿದಿತ್ತು. ಮುಂದಿನ ಸೀಟಿನ ಹಿರಿಯರೊಬ್ಬರು ಕನ್ನಡದಲ್ಲಿ ಕತ್ತರಿಸು ಎಂದರು, ಅವರ ಹೆಂಡತಿ ಮರಾಠಿಯಲ್ಲಿ ಬೇಡ ಎಂದರು. ಇಷ್ಟು ದೂರ ಹೋಗುತ್ತಿದ್ದೀಯ, ಕಿವಿಯನ್ನೂ ಮುಗಿಸಿಕೊಂಡು ಬಾ ಎಂದು ಇನ್ನೊಬ್ಬರು ಸೂಚಿಸಿದರು. ಕಂಡಕ್ಟರು ಮಾತ್ರ, ಬಾಲ ಇದ್ದರೂ ಇಲ್ಲದಿದ್ದರೂ ಟಿಕೇಟು ಒಂದೇ ಎಂದು ಖಂಡಿತವಾಗಿ ಹೇಳಿದ. ಅಷ್ಟರಲ್ಲಿ ಅನುರಾಧಾ ಮೇಡಮ್ಮಿನ ಫೋನು ಬರತೊಡಗಿತು. ತಮ್ಮಣ್ಣ ಹನ್ನೊಂದು ಸಲ ಅದನ್ನು ನೋಡಿ, ಹನ್ನೆರಡನೆಯ ಸಲಕ್ಕೆ ಫೋನನ್ನೇ ಬಂದ್ ಮಾಡಿಬಿಟ್ಟ.

ಖಾನಾಪುರದಲ್ಲಿ ಮೈಲಾರಲಿಂಗನ ಮನೆ ಸಿಕ್ಕಿತು, ಮೈಲಾರಲಿಂಗ ಸಿಗಲಿಲ್ಲ. ಅವನಿಗೀಗ ಪಗಾರದ ನೌಕರಿ, ಮಚ್ಛೆಯ ಯಾವುದೋ ಕಾರ್ಖಾನೆಯಲ್ಲಿ ಕಾವಲುಗಾರ ಎಂದು ಗೊತ್ತಾಯಿತು. ಅವನ ತಾಯಿ ಫಕೀರವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಬಂದ ಕೆಲಸವನ್ನು ತಮ್ಮಣ್ಣ ಹೇಳಿದ. ಅವಳು ನೂಲುವುದನ್ನು ನಿಲ್ಲಿಸದೆ ಕೇಳಿದಳು:

“ಬಾಲ ಯಾರಿಗೆ ಅಡ್ಡ ಬಂದೈತಿ? ನಾಯಿಗೋ, ನಿನಗೋ?”

“ಬಾಜೂ ಮನಿಯವರಿಗೆ, ಆಯಿ.”

“ಹಂಗಾದ್ರ ಅವರನ್ನ ಕರ್ಕೊಂಡು ಬರಬೇಕಾಗಿತ್ತು. ನಾಯಿ ಯಾಕ ತಂದಿ?”

ಫಕೀರವ್ವ ಅವನಿಗೆ ಮಜ್ಜಿಗೆ ಕೊಟ್ಟಳು, ಮರಿಗೆ ಹಾಲು ಕೊಟ್ಟಳು. ಬಂದವನು ತೋಳನೋ ನೆಂಟನೋ ಎಂದು ತಾವು ನಾಯಿಯ ಬಾಲ ನೋಡಿಯೇ ತಿಳಿಯುವವರು, ಈ ಮನೆಯಲ್ಲಿ ಯಾರೂ ಯಾವತ್ತೂ ಬಾಲ ಕತ್ತರಿಸಿದವರಲ್ಲ ಎಂದಳು. ಮರಿ ಹಾಲು ಕುಡಿದು ತಮ್ಮಣ್ಣನ ತೊಡೆಯ ಮೇಲೆ ಮಲಗಿತು. ನಿದ್ದೆಯಲ್ಲೂ ಅದರ ಬಾಲ ಒಮ್ಮೆ ಆಡಿತು. ಇಷ್ಟು ನಂಬಿ ಮಲಗಿದ್ದನ್ನು ತಾನು ಯಾತಕ್ಕೆ ಹೊತ್ತು ತಂದಿದ್ದೇನೆ ಎಂದು ನೆನೆದು, ನಲವತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ಒಂದು ನಿರ್ಧಾರ ಮಾಡಿದ.

ಮರಳಿ ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ‘ಇಲ್ಲ’ ಎನ್ನುವುದನ್ನು ಅಭ್ಯಾಸ ಮಾಡಿದ. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಸಂಜೆ ಐದಕ್ಕೆ ಮನೆ ಮುಟ್ಟಿದರೆ ಜಗಲಿಯ ಮೇಲೆ ಇಬ್ಬರೂ ನೆರೆಯವರು ಕೂತಿದ್ದರು. ತಮ್ಮಣ್ಣ ಚಪ್ಪಲಿ ಸಹ ಕಳಚಲಿಲ್ಲ.

“ಸಾಹೇಬ್ರ, ಬಾಲ ಕತ್ತರಿಸಿಲ್ಲ. ನಾ ಕತ್ತರಸೂದೂ ಇಲ್ಲ. ಬೇಕಾದ್ರ ಹಿಂಗ ಒಯ್ರಿ, ಬ್ಯಾಡಾದ್ರ ಬಿಡ್ರಿ.”

ಹೇಳಿ ಮುಗಿಸಿ, ಆಕಾಶ ಕಳಚಿ ಬೀಳಲೆಂದು ಕಾದು ನಿಂತ. ಗುರುಪುತ್ರಪ್ಪ ಕನ್ನಡಕ ಸರಿಮಾಡಿಕೊಂಡರು.

“ಮದಲ ಕತ್ತರಿಸಾಕ ಯಾಕ ಒಯ್ದಿದ್ದಿ?”

“ನೀವ ಹೇಳಿದ್ರಲ್ಲರೀ.”

“ನಾ ಹೇಳಿದ್ರ ನಿನ್ನ ಕರಳು ಎಲ್ಲಿ ಹೋಗಿತ್ತು? ಮಾತು ಬರದ ಜೀವ ಅದು.”

ತಮ್ಮಣ್ಣ ಕಕ್ಕಾಬಿಕ್ಕಿಯಾಗಿ ಅನುರಾಧಾ ಮೇಡಮ್ಮಿನ ಕಡೆ ತಿರುಗಿದ. ಅವರ ಮಾತಂತೂ ಉಳಿಯಿತಲ್ಲ ಎಂಬ ಸಮಾಧಾನ ಅವನಿಗಿತ್ತು. ಮೇಡಂ ಚೀಲದೊಳಗೆ ಇಣುಕಿ ಬಾಲ ನೋಡಿ ನಿಟ್ಟುಸಿರು ಬಿಟ್ಟರು.

“ತಮ್ಮಣ್ಣಾರ, ಅಷ್ಟು ದೂರ ಹೋದವರು ಕೆಲಸ ಮುಗಿಸ್ಕೊಂಡು ಬರಬಾರದಿತ್ತೇನು?”

ನಡೆದದ್ದನ್ನು ಪ್ರಮಿಳಾ ವಿವರಿಸಿದಳು. ಹನ್ನೊಂದು ಗಂಟೆಗೆ ಮರಿ ಒಯ್ಯಲು ಬಂದ ಮೇಡಂ, ಒಂದೇ ಇರುವುದನ್ನು ಕಂಡು ವಿಷಯ ತಿಳಿದು ಗುರುಪುತ್ರಪ್ಪನವರನ್ನು ಕರೆಸಿದ್ದರು. ಆಗಿನಿಂದ ನಾಲ್ಕು ಸಲ ಚಹಾ ಆಗುವ ತನಕ ಇಬ್ಬರೂ ವಾದಿಸಿದ್ದರು. ಬಾಲವಿಲ್ಲದ ತಮ್ಮ ಹಳೆಯ ನಾಯಿ ಸಿಟ್ಟಿನಲ್ಲಿದೆ ಎಂದು ಗೊತ್ತಾಗದೆ ಮೀನಖಂಡ ಕಚ್ಚಿಸಿಕೊಂಡದ್ದು ಮಾತಿನ ನಡುವೆ ಗುರುಪುತ್ರಪ್ಪನವರಿಗೇ ನೆನಪಾಯಿತು. ಧಾರವಾಡದ ತಂಗಿಯ ನಾಯಿ ಉದ್ದ ಬಾಲವನ್ನು ಗೋಡೆಗೆ ಬಡಿದು ಬಡಿದು ಗಾಯ ಮಾಡಿಕೊಂಡದ್ದು ಮೇಡಮ್ಮಿಗೂ ನೆನಪಾಯಿತು. ಇಬ್ಬರೂ ವಿದ್ಯಾವಂತರು, ಎದುರಿನವರ ಮಾತಿನಲ್ಲಿ ಹುರುಳಿದ್ದರೆ ಒಪ್ಪುವವರು. ಒಪ್ಪಿದರು. ಮೂರು ಗಂಟೆಯಿಂದೀಚೆಗೆ ಅವರು ಬಾಲದ ಪರ, ಮೇಡಂ ಕತ್ತರಿಯ ಪರ ನಿಂತು ಅದೇ ವಾದ ಉಲ್ಟಾ ನಡೆದಿತ್ತು.

ಬಾಲ ಕತ್ತರಿಸಲು ಹೊರಟವನ ಮನೆಯ ಮರಿ ತಮಗೆ ಬೇಡ ಎಂದು ಗುರುಪುತ್ರಪ್ಪ ಎದ್ದರು. ಎರಡರಲ್ಲಿ ಒಂದಕ್ಕೆ ಬಾಲ ಉಳಿದರೂ ತಮಗೆ ಬೇಡ ಎಂದು ಮೇಡಂ ಎದ್ದರು. ಗೇಟಿನವರೆಗೂ ಜಗಳಾಡುತ್ತ ನಡೆದು, ಅಲ್ಲಿ ನಿಂತು ಹಿಂದಿರುಗಿ ನೋಡಿದರು. ಇಂಥ ನೆಟ್ಟಗಿಲ್ಲದ ಮನುಷ್ಯನ ಕೈಯಲ್ಲಿ ನಾಯಿಮರಿ ಇರಲೇಬಾರದು ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಾಯಿತು. ಹಾಗೆ ಒಮ್ಮತಕ್ಕೆ ಬಂದು, ಎರಡೂ ಮರಿಗಳನ್ನು ಅವನ ಕೈಯಲ್ಲೇ ಬಿಟ್ಟು, ತಂತಮ್ಮ ಮನೆಗೆ ಹೋದರು.